ಕಾಗದದ ಹೂವಿನ ಬಳ್ಳಿ, ಐದು ಜೊತೆ ಗ್ಲೌಸ್, ಒಂದು ಹಳೆ ಜೀನ್ಸ್

ನಮ್ಮ ಮನೆ ಮೈಸೂರಿನಲ್ಲಿ. ಕಾಂಪೌಂಡ್ ಉದ್ದಕ್ಕೂ ಹನ್ನೆರಡು ವರ್ಷದ ಕಾಗದದ ಹೂವಿನ ಬಳ್ಳಿ ಇದೆ. ನರ್ಸರಿಯವರು ಬೋಗನ್‌ವಿಲ್ಲಾ ಅನ್ನುತ್ತಾರೆ, ಮೈತುಂಬ ಮುಳ್ಳು. ಈ ಸಲದ ಮಳೆಗೆ ಅದು 14 ಅಡಿ ಏರಿ, ರಸ್ತೆ ಕಡೆಗೆ ನಾಲ್ಕು ಅಡಿ ಚಾಚಿತ್ತು. ಪಕ್ಕದ ಮನೆ ಆಂಟಿ ಸ್ಕೂಟರ್ ನಿಲ್ಲಿಸುವುದು ಅದರ ನೆರಳಲ್ಲೇ. ಒಂದು ದಿನ ಬಂದು, "ನಿಮ್ಮ ಗಿಡ ತುಂಬಾ ಚೆನ್ನಾಗಿ ಬಂದಿದೆ ಕಣಪ್ಪ. ಸೀಟ್ ಕವರ್ ಹಾಕಿಸೋಕೆ ಆರುನೂರು ಆಯ್ತು" ಅಂದರು. ಬೈದಿದ್ದರೆ ಪರವಾಗಿರಲಿಲ್ಲ. ನಗುತ್ತಾ ಹೇಳಿದರು.

ಹಾಗಾಗಿ ಸವರುವ ಕೆಲಸ ಶುರುವಾಯಿತು. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ, ಐದು ವಾರ ಹಿಡಿಯಿತು. ಗಿಡ ಕತ್ತರಿಸುವುದಕ್ಕಿಂತ ಸರಿಯಾದ ಗ್ಲೌಸ್ ಹುಡುಕುವುದಕ್ಕೇ ಜಾಸ್ತಿ ಹೊತ್ತು ಹೋಯಿತು. ನಾನು ಎಡವಿದಲ್ಲಿ ನೀವು ಎಡವದಿರಲಿ ಅಂತ ದಿನಾಂಕ ಹಾಕಿ ಬರೆದಿಟ್ಟಿದ್ದೇನೆ.

ಕೆಲಸದ ಪಟ್ಟಿ ಹೀಗಿತ್ತು. ಕಾಂಪೌಂಡಿನ ಬಳ್ಳಿ, ಹಿತ್ತಲಿನ ನಿಂಬೆ ಗಿಡ, ಆರು ಕುಂಡ ಗುಲಾಬಿ, ತಾರಸಿ ಮೇಲೆ ನಾಲ್ಕು ಕುಂಡ ಯೂಫೋರ್ಬಿಯಾ (ಹಾಲು ಸುರಿಸುವ ಮುಳ್ಳಿನ ಗಿಡ), ಒಂದು ಪಾಪಾಸುಕಳ್ಳಿ. ಸಲಕರಣೆ: 8 ಇಂಚಿನ ಗಿಡ ಕತ್ತರಿಸುವ ಕತ್ತರಿ, 28 ಇಂಚು ಹಿಡಿಯ ಲಾಪರ್ (ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಕತ್ತರಿ), ಮಡಚುವ ಗರಗಸ, 6 ಅಡಿ ಏಣಿ. ಇವೆಲ್ಲ ಮನೆಯಲ್ಲೇ ಇದ್ದವು. ಇಲ್ಲದೇ ಇದ್ದದ್ದು ಗ್ಲೌಸ್ ಮಾತ್ರ.

ನವೆಂಬರ್ 9: ನಲವತ್ತು ರೂಪಾಯಿಯ ಧೈರ್ಯ

ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಳಿ ಹತ್ತಿಯ ಗ್ಲೌಸ್ ತಂದೆ. ಅಂಗೈ ಮೇಲೆ ನೀಲಿ ರಬ್ಬರ್ ಚುಕ್ಕೆ ಇರುತ್ತವಲ್ಲ, ಅದೇ. ₹40. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಹತ್ತೂವರೆಗೆ ನಿಲ್ಲಿಸಿದೆ. ಬಳ್ಳಿಯ ಐದನೇ ಒಂದು ಭಾಗವೂ ಆಗಿರಲಿಲ್ಲ. ಆಮೇಲೆ ನಿಂಬೆಯ ಎರಡು ಕೊಂಬೆಯಾದರೂ ತೆಗೆಯೋಣ ಅಂತ ಹಿತ್ತಲಿಗೆ ಹೋದೆ. ದೊಡ್ಡ ತಪ್ಪು. ಬಲಗೈ ತೋರುಬೆರಳಿನ ನಡು ಗಂಟಿಗೆ ಮುಳ್ಳು ನೇರವಾಗಿ ಹೊಕ್ಕಿತು. ಎಳೆದೆ, ತುದಿ ಒಳಗೇ ಮುರಿಯಿತು.

ಕೈ ತೊಳೆದು ಕುಳಿತಾಗ ಸುಮ್ನೆ ಗೀರುಗಳನ್ನು ಎಣಿಸಿದೆ. ಎರಡೂ ಕೈ ಸೇರಿ ಅಂಗೈ ಮತ್ತು ಬೆರಳ ಒಳಭಾಗದಲ್ಲಿ 3. ಕೈಯ ಹಿಂಭಾಗದಲ್ಲಿ 9. ಮಣಿಕಟ್ಟಿನಿಂದ ಮೊಣಕೈವರೆಗೆ 17.

ಈ ಎಣಿಕೆಯನ್ನು ಕ್ಯಾಲೆಂಡರಿನ ಹಿಂದೆ ಗೀಚಿಟ್ಟೆ. ಅದರ ಅರ್ಥ ಅವತ್ತು ತಲೆಗೆ ಹೋಗಲಿಲ್ಲ. ಹೋಗಿದ್ದರೆ ಮುಂದಿನ ನಾನೂರು ರೂಪಾಯಿ ಉಳಿಯುತ್ತಿತ್ತು.

ನವೆಂಬರ್ 11: ಬೆರಳು ಬಾಳೆಹಣ್ಣಾಯಿತು

ಭಾನುವಾರ ರಾತ್ರಿಯೇ ಸೂಜಿ ಕಾಯಿಸಿ ಮುಳ್ಳು ಕೆದಕಿದ್ದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನುವ ಗಾದೆ ಗಂಟಿನ ಮೇಲೆ ನಡೆಯುವುದಿಲ್ಲ. ಮಂಗಳವಾರದ ಹೊತ್ತಿಗೆ ಬೆರಳು ಊದಿ ಮಡಚಲು ಆಗುತ್ತಿರಲಿಲ್ಲ. ಡಾಕ್ಟರ್ ಹತ್ತಿರ ಹೋದೆ. ಮರಗಟ್ಟಿಸಿ, ಚಿಕ್ಕದಾಗಿ ಕೊಯ್ದು, ಮೂರು ಮಿಲಿಮೀಟರ್ ತುದಿ ತೆಗೆದು ನನಗೇ ತೋರಿಸಿದರು. ಕೀಲಿನ ಹತ್ತಿರ ಸಿಕ್ಕಿಕೊಂಡ ಮುಳ್ಳಿನ ಚೂರು ವಾರಗಟ್ಟಲೆ ಊತ ಇಡುತ್ತದೆ, ಮನೆಯಲ್ಲಿ ಕೆದಕಬೇಡಿ ಅಂದರು. ಈಚಲ ಮುಳ್ಳು ಕೂಡ ಇದೇ ಜಾತಿ ತೊಂದರೆ ಕೊಡುತ್ತದಂತೆ. ಟಿಟಿ ಇಂಜೆಕ್ಷನ್ ಕೊನೆಯ ಸಲ ಯಾವಾಗ ಹಾಕಿಸಿದ್ದು ಅಂತ ಕೇಳಿದರು. ನೆನಪಿರಲಿಲ್ಲ. ಹಾಕಿಸಿಕೊಂಡೆ. ಎಲ್ಲ ಸೇರಿ ₹850. ಈ ಲೆಕ್ಕವನ್ನು ಗ್ಲೌಸಿನ ಖರ್ಚಿಗೆ ಸೇರಿಸಬೇಕೋ ಬೇಡವೋ ಅಂತ ಮನೆಯಲ್ಲಿ ಇನ್ನೂ ವಾದ ನಡೆಯುತ್ತಿದೆ.

ನವೆಂಬರ್ 15: "ಲೆವೆಲ್ 5" ಅಂತ ಮೋಸಹೋದೆ

ಮೋಸ ಮಾಡಿದವರು ಯಾರೂ ಇಲ್ಲ. ನಾನೇ ಸರಿಯಾಗಿ ಓದಲಿಲ್ಲ. ಆನ್‌ಲೈನ್‌ನಲ್ಲಿ ಬೂದು ಬಣ್ಣದ ಹೆಣಿಗೆ ಗ್ಲೌಸ್ ಸಿಕ್ಕಿತು, ₹380. ಚಿತ್ರದಲ್ಲಿ ಒಬ್ಬ ಚಾಕುವಿನ ಅಲಗನ್ನೇ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. "ಲೆವೆಲ್ 5 ಪ್ರೊಟೆಕ್ಷನ್" ಅಂತ ದಪ್ಪ ಅಕ್ಷರ. ಚಾಕುವಿಗೇ ಹೆದರದಿದ್ದರೆ ಮುಳ್ಳು ಯಾವ ಲೆಕ್ಕ ಅಂದುಕೊಂಡೆ. ಅದೇ ದಿನ ಅಂಗಡಿಯಿಂದ ನೈಟ್ರೈಲ್ (ಒಂದು ಬಗೆಯ ರಬ್ಬರ್) ಲೇಪದ ಗ್ಲೌಸ್ ಕೂಡ ತಂದೆ, ₹110.

ಬೂದು ಗ್ಲೌಸ್ ಹಾಕಿಕೊಂಡು ಬಳ್ಳಿಯ ಒಂದು ಎಳೆ ಹಿಡಿದೆ. ಮುಳ್ಳು ಹೆಣಿಗೆಯ ಕಣ್ಣಿನ ನಡುವೆ ಸಲೀಸಾಗಿ ತೂರಿ ಬಂತು. ಸ್ವೆಟರ್‌ಗೆ ಗುಂಡುಸೂಜಿ ಚುಚ್ಚಿದ ಹಾಗೆ.

ಆಮೇಲೆ ಕುಳಿತು ಗ್ಲೌಸಿನ ಮೇಲಿನ ಗುರುತು ಓದಿದೆ. ಕೆಲಸದ ಗ್ಲೌಸಿನ ಮೇಲೆ ಸುತ್ತಿಗೆಯ ಚಿತ್ರ, ಪಕ್ಕದಲ್ಲಿ ಇಎನ್ 388 (ಗ್ಲೌಸ್ ಪರೀಕ್ಷೆಯ ಯುರೋಪಿನ ಮಾನದಂಡ), ಕೆಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲನೆಯದು ಸವೆತ, ಎರಡನೆಯದು ಕೊಯ್ತ, ಮೂರನೆಯದು ಹರಿಯುವಿಕೆ, ನಾಲ್ಕನೆಯದು ಚುಚ್ಚುವಿಕೆ. ಕೊಯ್ತಕ್ಕೆ ಮಾತ್ರ 5ರವರೆಗೆ, ಉಳಿದ ಮೂರಕ್ಕೂ 4ರವರೆಗೆ ಅಂಕ. 2016ರ ಆವೃತ್ತಿಯಿಂದ ಈಚೆಗೆ ಕೊನೆಯಲ್ಲಿ ಎ ಯಿಂದ ಎಫ್‌ವರೆಗಿನ ಒಂದು ಅಕ್ಷರವೂ ಬರುತ್ತದೆ, ಅದೂ ಕೊಯ್ತದ್ದೇ. ಜಾಹೀರಾತಿನ ಆ "5" ಚಾಕುವಿನ ಅಂಕ. ನಮಗೆ ಬೇಕಾದದ್ದು ನಾಲ್ಕನೇ ಅಂಕಿ. ನನ್ನ ಗ್ಲೌಸಿನಲ್ಲಿ ಅದು 2 ಇತ್ತು.

ನಾಲ್ಕನೇ ಅಂಕಿ 4 ಇದ್ದರೂ ಮುಳ್ಳಿಗೆ ಪೂರ್ತಿ ನಂಬುವ ಹಾಗಿಲ್ಲ. ಆ ಪರೀಕ್ಷೆಯಲ್ಲಿ ಒತ್ತುವುದು ದಪ್ಪಗಿನ, ತುದಿ ಸ್ವಲ್ಪ ದುಂಡಗಿರುವ ಉಕ್ಕಿನ ಮೊಳೆಯನ್ನು. ನಿಂಬೆ ಮುಳ್ಳು ಅದಕ್ಕಿಂತ ಎಷ್ಟೋ ಸಣ್ಣ. ಇನ್ನೊಂದು ವಿಷಯ, ಪರೀಕ್ಷೆಗೆ ತುಂಡು ಕತ್ತರಿಸುವುದು ಅಂಗೈ ಭಾಗದಿಂದ. ಇದನ್ನು ಓದಿದಾಗ ಕ್ಯಾಲೆಂಡರಿನ ಹಿಂದಿನ ಲೆಕ್ಕ ನೆನಪಾಯಿತು. ನನಗೆ ಅಂಗೈಯಲ್ಲಿ ಬಿದ್ದದ್ದು ಮೂರೇ ಗೀರು. ಕೈಯನ್ನು ಬಳ್ಳಿಯ ಒಳಗೆ ತೂರಿಸುವಾಗ, ಹೊರಗೆ ಎಳೆಯುವಾಗ ತಾಗುವುದೆಲ್ಲ ಹಿಂಭಾಗಕ್ಕೆ ಮತ್ತು ಮುಂಗೈಗೆ. ಗ್ಲೌಸ್ ಮಾಡುವವರು ಅಂಗೈಗೆ ಲೇಪ ಹಾಕಿ, ಹಿಂಭಾಗಕ್ಕೆ ಬರೀ ಬಟ್ಟೆ ಬಿಡುತ್ತಾರೆ. ಗಾಳಿಯಾಡಲಿ ಅಂತ. ಅಂಗಡಿಯವರು ತೋರಿಸುವುದೂ ಅಂಗೈಯನ್ನೇ.

ಅಂದಿನಿಂದ ಅಂಗಡಿಯಲ್ಲಿ ಗ್ಲೌಸ್ ಕೈಗೆ ತೆಗೆದುಕೊಂಡರೆ ಮೊದಲು ಮಗುಚಿ ನೋಡುತ್ತೇನೆ.

ನವೆಂಬರ್ 17: ಸಂತೆಪೇಟೆ

ಕೆಲಸ ಮುಗಿಸಿ ಸಂತೆಪೇಟೆ ಕಡೆ ಹೋದೆ. "ಗಾರ್ಡನ್ ಗ್ಲೌಸ್" ಅಂತ ಕೇಳಿದರೆ ಹೂವಿನ ಚಿತ್ರದ ಬಟ್ಟೆ ಗ್ಲೌಸ್ ತೋರಿಸಿದರು. ಮಣ್ಣು ಕೆದಕಲು ಸರಿ, ಮುಳ್ಳಿಗಲ್ಲ. ಚರ್ಮದ್ದು ಬೇಕು, ಹಿಂದೆ ಮುಂದೆ ಎರಡೂ ಕಡೆ ಚರ್ಮ ಇರಬೇಕು, ಉದ್ದ ಇರಬೇಕು ಅಂದೆ.

"ಸಾರ್, ಅದು ವೆಲ್ಡಿಂಗ್ ಮಾಡೋರಿಗೆ. ನಿಮಗ್ಯಾಕೆ?"

"ನಿಂಬೆ ಗಿಡಕ್ಕೆ."

ಅವರು ನನ್ನ ಮುಖ ನೋಡಿ, ಒಳಗೆ ಹೋಗಿ ಎರಡು ಜೊತೆ ತಂದರು. ಒಂದು ಮಾಮೂಲಿ ವೆಲ್ಡಿಂಗ್ ಗ್ಲೌಸ್. ದಪ್ಪ ಒರಟು ದನದ ಚರ್ಮ, ಒಳಗೆ ಬಟ್ಟೆ ಲೈನಿಂಗ್, ಉದ್ದ 14 ಇಂಚು, ₹220. ಇನ್ನೊಂದು ಆರ್ಗಾನ್ ಗ್ಲೌಸ್. ಆರ್ಗಾನ್ ವೆಲ್ಡಿಂಗ್ ಮಾಡುವವರು ಸಣ್ಣ ಕಡ್ಡಿ ಬೆರಳಲ್ಲಿ ಹಿಡಿಯಬೇಕಲ್ಲ, ಅದಕ್ಕೆ ತೆಳು ಮೆತ್ತನೆಯ ಆಡಿನ ಚರ್ಮದ್ದು. ಮಣಿಕಟ್ಟಿನಿಂದ ಮೇಲೆ ನಾಲ್ಕು ಇಂಚು ಒರಟು ಚರ್ಮದ ಪಟ್ಟಿ. ₹260. ಎರಡನ್ನೂ ತಂದೆ.

ಅಳತೆಯ ಬಗ್ಗೆ ಒಂದು ಮಾತು. ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಟೇಪ್ ಹಿಡಿದು ಎಷ್ಟು ಇಂಚು ಬರುತ್ತದೋ ಹೆಚ್ಚುಕಡಿಮೆ ಅದೇ ಗ್ಲೌಸಿನ ನಂಬರ್. 8 ನಂಬರಿಗೆ 203 ಮಿಲಿಮೀಟರ್ ಸುತ್ತಳತೆ, 9ಕ್ಕೆ 229. ನನ್ನದು ಎಂಟೂವರೆ ಇಂಚು. ಆ ಅಂಗಡಿಯ ವೆಲ್ಡಿಂಗ್ ಗ್ಲೌಸ್ ಮಾತ್ರ ಒಂದೇ ಅಳತೆಯಲ್ಲಿ ಇತ್ತು. ನನ್ನ ಕೈಗೆ ಬೆರಳ ತುದಿಯಲ್ಲಿ ಒಂದು ಇಂಚು ಖಾಲಿ. ಇದು ಮುಂದೆ ಕಥೆಗೆ ಬರುತ್ತದೆ.

ನವೆಂಬರ್ 22: ಆಲೂಗಡ್ಡೆ ಪರೀಕ್ಷೆ

ಇನ್ನೊಮ್ಮೆ ಬೆರಳು ಕೊಡುವ ಮನಸ್ಸಿರಲಿಲ್ಲ. ಅಡುಗೆ ಮನೆಯ 10 ಕೆಜಿ ಡಿಜಿಟಲ್ ತಕ್ಕಡಿ ತೆಗೆದುಕೊಂಡೆ. ಗ್ಲೌಸಿನ ಒಳಗೆ ಅರ್ಧ ಆಲೂಗಡ್ಡೆ ತೂರಿಸಿ ತಕ್ಕಡಿ ಮೇಲೆ ಇಟ್ಟು ಸೊನ್ನೆ ಮಾಡಿದೆ. ನಿಂಬೆ ಮುಳ್ಳಿನ ತುದಿಗೆ ನೀಲಿ ಶಾಯಿ ಹಚ್ಚಿ ಮೇಲಿನಿಂದ ಒತ್ತುವುದು. ಐವತ್ತು, ನೂರು ಗ್ರಾಂ ಹೆಚ್ಚಿಸುತ್ತಾ ಹೋಗಿ, ಆಲೂಗಡ್ಡೆ ಮೇಲೆ ನೀಲಿ ಚುಕ್ಕೆ ಕಂಡಾಗ ಬರೆದುಕೊಳ್ಳುವುದು.

ಮೊದಲ ಸುತ್ತು ಪೂರಾ ವ್ಯರ್ಥ. ಒಂದೇ ಮುಳ್ಳನ್ನು ಖಾಲಿ ಪೆನ್ನಿನ ತುದಿಗೆ ಎಂ-ಸೀಲ್‌ನಲ್ಲಿ ಕೂರಿಸಿ ಎಲ್ಲಾ ಗ್ಲೌಸಿಗೂ ಅದನ್ನೇ ಬಳಸಿದೆ. ಕೊನೆಗೆ ಬಂದ ವೆಲ್ಡಿಂಗ್ ಗ್ಲೌಸ್ 4,700 ಗ್ರಾಂ ತಡೆಯಿತು. ಭೇಷ್ ಅಂದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ ಮುಳ್ಳಿನ ತುದಿ ಅಷ್ಟರಲ್ಲಿ ಬೆಂಕಿಕಡ್ಡಿಯ ಹಾಗೆ ಮೊಂಡಾಗಿತ್ತು. ಎಲ್ಲ ಹೊಡೆದುಹಾಕಿ ಮತ್ತೆ ಮೊದಲಿನಿಂದ ಶುರು. ಈ ಸಲ ಪ್ರತಿ ಸಲಕ್ಕೂ ಹೊಸ ಮುಳ್ಳು, ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು. ಒಂದು ಜಾಗಕ್ಕೆ ಮೂರು ಸಲ, ಮೂರರ ಸರಾಸರಿ.

ಚುಕ್ಕೆ ಹತ್ತಿ: 110 ಗ್ರಾಂ
ನೈಟ್ರೈಲ್, ಅಂಗೈ: 420. ಹಿಂಭಾಗ: 90
ಬೂದು "ಲೆವೆಲ್ 5", ಅಂಗೈ: 310. ಹಿಂಭಾಗ: 100
ಆರ್ಗಾನ್, ಅಂಗೈ: 1,650. ಹಿಂಭಾಗ: 1,600
ವೆಲ್ಡಿಂಗ್, ಅಂಗೈ: 2,900ರ ಆಸುಪಾಸು. ಎರಡು ಸಲ ಮುಳ್ಳೇ ಮುರಿಯಿತು
ವೆಲ್ಡಿಂಗ್, ಬೆರಳ ಸಂದಿನ ಹೊಲಿಗೆ ಮೇಲೆ: 900

ಇದು ವಿಜ್ಞಾನವಲ್ಲ, ಗೊತ್ತು. ನನ್ನ ಕೈ ನಡುಗಿದರೆ ನೂರು ಗ್ರಾಂ ಆಚೀಚೆ. ಆದರೆ 90ಕ್ಕೂ 1,600ಕ್ಕೂ ಇರುವ ಅಂತರ ಕೈ ನಡುಕದ್ದಲ್ಲ. ಮುನ್ನೂರೆಂಬತ್ತು ರೂಪಾಯಿಯ ಗ್ಲೌಸಿನ ಹಿಂಭಾಗ, ನಲವತ್ತು ರೂಪಾಯಿಯದಕ್ಕಿಂತ ಏನೂ ಮೇಲಲ್ಲ. ಹೊಲಿಗೆಯ ಅಂಕಿ ನನಗೆ ಹೊಸ ವಿಷಯ. ಎಷ್ಟು ದಪ್ಪ ಚರ್ಮ ಇದ್ದರೂ ಸೂಜಿ ಮಾಡಿದ ತೂತು ತೂತೇ. ಬೆರಳ ಸಂದಿನಲ್ಲಿ ಹೊಲಿಗೆ ಹೊರಗೆ ಕಾಣುವ ಹಾಗಿದ್ದರೆ, ಚರ್ಮದ ಸಣ್ಣ ಪಟ್ಟಿ ಸೇರಿಸಿ ಮುಚ್ಚಿದ್ದಾರಾ ಅಂತ ನೋಡಿಕೊಳ್ಳಿ.

ಆಲೂಗಡ್ಡೆ ಗೊಬ್ಬರದ ಗುಂಡಿಗೆ ಹೋದವು. ಅದಕ್ಕೂ ಮಾತು ಕೇಳಿದೆ.

ನವೆಂಬರ್ 23: ಹೆಬ್ಬೆರಳಿನ ತುದಿ ಹೋಯಿತು, ಗ್ಲೌಸಿನದ್ದು

ಎರಡೂ ಕೈಗೆ ವೆಲ್ಡಿಂಗ್ ಗ್ಲೌಸ್ ಹಾಕಿ ಏಣಿ ಹತ್ತಿದೆ. ಮುಳ್ಳು ತಾಗುತ್ತಿರಲಿಲ್ಲ ನಿಜ. ಬೇರೇನೂ ತಾಗುತ್ತಿರಲಿಲ್ಲ. ಕತ್ತರಿಯ ಲಾಕ್ ತೆಗೆಯಲು ಬೆರಳಿಗೆ ಸಿಗುವುದಿಲ್ಲ. ಸ್ಪ್ರಿಂಗ್ ತೆರೆದುಕೊಂಡಿತೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡು ಸಲ ಕತ್ತರಿ ಕೈಯಿಂದ ಜಾರಿ ಕೆಳಗೆ ಬಿತ್ತು. ಹತ್ತು ನಿಮಿಷಕ್ಕೆ ಬಲಗೈ ಸೋತು ಹೋಯಿತು, ಯಾಕೆಂದರೆ ಪ್ರತಿ ಸಲ ಕತ್ತರಿಯ ಜೊತೆಗೆ ಗ್ಲೌಸನ್ನೂ ಹಿಂಡಬೇಕು.

ಆಮೇಲೆ ಎಡಗೈಯಲ್ಲಿ ಕೊಂಬೆ ಹಿಡಿದು ಬಲಗೈಯಲ್ಲಿ ಕತ್ತರಿಸಿದೆ. ಕಟಕ್ ಅಂತ ಸದ್ದು. ಕೊಂಬೆ ಮಾತ್ರ ಕೈಯಲ್ಲೇ ಇದೆ. ನೋಡಿದರೆ ಎಡ ಹೆಬ್ಬೆರಳಿನ ಗ್ಲೌಸಿನ ತುದಿ ಒಂದು ಸೆಂಟಿಮೀಟರ್ ಕತ್ತರಿಸಿ ಹೋಗಿತ್ತು. ಖಾಲಿ ಇದ್ದ ಆ ಒಂದು ಇಂಚು ನನ್ನನ್ನು ಉಳಿಸಿತು. ಆ ಒಂದು ಇಂಚು ಇಲ್ಲದಿದ್ದರೆ ಅದು ಅಲಗಿನ ನಡುವೆ ಹೋಗುತ್ತಲೂ ಇರಲಿಲ್ಲ, ಅದು ಬೇರೆ ಮಾತು. ಐದು ನಿಮಿಷ ಏಣಿಯ ಮೇಲೇ ಕುಳಿತಿದ್ದೆ.

ಕೆಳಗೆ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಅಜ್ಜ ನಿಂತು ನೋಡುತ್ತಿದ್ದರು. "ಸ್ವಾಮಿ, ಕೈ ಯಾಕೆ ಒಳಕ್ಕೆ ಹಾಕ್ತೀರಿ? ಕವೆಗೋಲು ಇಲ್ವಾ?" ಅಂದರು. ಹಳ್ಳಿಯಲ್ಲಿ ಜಾಲಿ ಮುಳ್ಳು ಕಡಿದು ಬೇಲಿ ಹಾಕುವವರು ಕವೆಗೋಲಿನಲ್ಲಿ ಒತ್ತಿ ಹಿಡಿದೇ ಕಡಿಯುತ್ತಾರೆ. ನನ್ನ ತಾತನೂ ಹಾಗೇ ಮಾಡುತ್ತಿದ್ದರು. ನಾನು ಅದನ್ನು ನೋಡಿ ಬೆಳೆದವನೇ. ಆದರೂ ಇಎನ್ 388 ಓದುತ್ತಾ ಕುಳಿತಿದ್ದೆ.

ಸಂಜೆ ಸೀಬೆ ಮರದ ಒಂದು ಕವಲು ಕೊಂಬೆ ಕಡಿದು ಕವೆಗೋಲು ಮಾಡಿಕೊಂಡೆ. ಉದ್ದ ನಾಲ್ಕು ಅಡಿ, ಕವಲಿನ ಬಾಯಿ ಮೂರು ಇಂಚು, ಕವಲಿನ ಎರಡು ತೋಳೂ ಐದೈದು ಇಂಚು. ಖರ್ಚು ಸೊನ್ನೆ.

ನವೆಂಬರ್ 25ರಿಂದ 29: ಎರಡು ಕೈಗೆ ಎರಡು ಬೇರೆ ಗ್ಲೌಸ್

ಏಣಿಯ ಮೇಲೆ ಕುಳಿತಾಗ ಹೊಳೆದದ್ದು ಇದು. ಎರಡು ಕೈ ಮಾಡುವ ಕೆಲಸ ಒಂದೇ ಅಲ್ಲ. ಎಡಗೈ ಮುಳ್ಳನ್ನೇ ಹಿಡಿಯುತ್ತದೆ, ಅದಕ್ಕೆ ದಪ್ಪ ಬೇಕು, ನಯ ಬೇಡ. ಬಲಗೈ ಹಿಡಿಯುವುದು ಕತ್ತರಿಯ ಹಿಡಿ, ಅದಕ್ಕೆ ಸ್ಪರ್ಶ ಬೇಕು. ಬಲಗೈಗೆ ಮುಳ್ಳು ತಾಗುವುದು ಹಿಂಭಾಗಕ್ಕೆ, ಮುಂಗೈಗೆ. ಜೊತೆ ಅಂತ ಮಾರುತ್ತಾರೆ ಅಂದಮಾತ್ರಕ್ಕೆ ಜೊತೆಯಾಗಿಯೇ ಹಾಕಬೇಕೆಂದು ಎಲ್ಲಿದೆ? ಎಡಗೈಗೆ ವೆಲ್ಡಿಂಗ್, ಬಲಗೈಗೆ ಆರ್ಗಾನ್. (ಎಡಚರಾದರೆ ಇದನ್ನು ತಿರುಗಿಸಿ.)

ಆದರೆ ಆರ್ಗಾನ್ ಗ್ಲೌಸ್ ಮಣಿಕಟ್ಟಿನಿಂದ ನಾಲ್ಕೇ ಇಂಚು ಮೇಲೆ ಬರುತ್ತದೆ. ಅಲ್ಲಿಂದ ಮೊಣಕೈವರೆಗೆ ಏನಾದರೂ ಬೇಕು. ಹಳೆ ಜೀನ್ಸ್ ನೆನಪಾಯಿತು.

ಮೊದಲ ಪ್ರಯತ್ನ: ಜೀನ್ಸ್ ಕಾಲಿನ ಕೆಳಭಾಗ 12 ಇಂಚು ಕತ್ತರಿಸಿ ಹಾಗೇ ಕೈಗೆ ತೊಟ್ಟು, ಮಣಿಕಟ್ಟಿನ ಹತ್ತಿರ ದಾರ ಕಟ್ಟಿದೆ. ಆಲೂಗಡ್ಡೆ ಇಟ್ಟು ನೋಡಿದರೆ ಒಂದು ಪದರ ಜೀನ್ಸ್ 450 ಗ್ರಾಮಿಗೇ ಸೋತಿತು. ಮೇಲಿನ ಬಾಯಿ ಬೇರೆ ಅಗಲ. ಕೈ ಮೇಲೆತ್ತಿದಾಗ ಪರವಾಗಿಲ್ಲ, ಕೆಳಗೆ ಬಿದ್ದ ಕೊಂಬೆ ಎತ್ತಲು ಬಗ್ಗಿದರೆ ಒಣಗಿದ ಎಲೆ, ಮುಳ್ಳಿನ ಚೂರು ಎಲ್ಲ ಕೊಳವೆಯೊಳಗೆ ಬಿದ್ದು ಮಣಿಕಟ್ಟಿನ ಹತ್ತಿರ ಕೂರುತ್ತಿತ್ತು. ದಾರ ಕಟ್ಟಿದ್ದರಿಂದ ಹೊರಗೂ ಬರುವುದಿಲ್ಲ. ಮುಳ್ಳಿಗೆ ನಾನೇ ಚೀಲ ಹೊಲಿದು ಕೊಟ್ಟ ಹಾಗಾಯಿತು.

ಎರಡನೇ ಪ್ರಯತ್ನ: ಎರಡೂ ಕಾಲಿನ ತುಂಡನ್ನು ಒಂದರೊಳಗೆ ಒಂದು ಹಾಕಿ ಎರಡು ಪದರ ಮಾಡಿದೆ. ಈಗ 1,000 ಗ್ರಾಂ. ಮುಂಗೈಗೆ ಇಷ್ಟು ಸಾಕು, ಅಲ್ಲಿ ಮುಳ್ಳು ಗೀರುತ್ತದೆಯೇ ಹೊರತು ಒತ್ತಿ ಹಿಡಿಯುವುದಿಲ್ಲ. ಮೇಲಿನ ಬಾಯಿ ಮಡಚಿ ಹೆಂಡತಿ ಒಂದು ಇಂಚಿನ ಎಲಾಸ್ಟಿಕ್ ಹಾಕಿಕೊಟ್ಟಳು, ₹20. ಎಲಾಸ್ಟಿಕ್ ಮೊಣಕೈಯ ಮೇಲೆ ಬರಬೇಕು. ಮೊಣಕೈ ಮಡಚುವ ಜಾಗದಲ್ಲೇ ಬಂದರೆ ಒತ್ತುತ್ತದೆ. ಮೊದಲು ಅಲ್ಲೇ ಹಾಕಿ, ಬಿಚ್ಚಿ, ಇನ್ನೊಂದು ಪಟ್ಟಿ ಸೇರಿಸಿ ಉದ್ದ ಮಾಡಬೇಕಾಯಿತು. ಒಟ್ಟು ಉದ್ದ ಕೊನೆಗೆ 15 ಇಂಚು.

ಇದನ್ನು ಗ್ಲೌಸಿನ ಪಟ್ಟಿಗೆ ಜೋಡಿಸುವ ಕೆಲಸವನ್ನು ಟೈಲರ್ ಒಪ್ಪಲಿಲ್ಲ. ಚರ್ಮಕ್ಕೆ ಹಾಕಿದರೆ ಮೆಷಿನ್ ಸೂಜಿ ಮುರಿಯುತ್ತದೆ ಅಂದರು. ನ್ಯಾಯವೇ. ಬಸ್ ಸ್ಟಾಪ್ ಹತ್ತಿರ ಚಪ್ಪಲಿ ಹೊಲಿಯುವವರ ಬಳಿ ಕೊಟ್ಟೆ. ಅವರು ಉಳಿಯಿಂದ ತೂತು ಹಾಕಿ ನೈಲಾನ್ ದಾರದಲ್ಲಿ ಎರಡು ಸಾಲು ಕೈಹೊಲಿಗೆ ಹಾಕಿದರು. ಹೊಲಿಗೆ ಪಟ್ಟಿಯ ಮೇಲೆ ಮಾತ್ರ, ಕೈಯ ಭಾಗಕ್ಕೆ ಮುಟ್ಟಿಲ್ಲ. ಜೀನ್ಸ್ ಪಟ್ಟಿಯ ಹೊರಗೆ ಬರಬೇಕೋ ಒಳಗೋ ಅಂತ ನಾನು ಯೋಚಿಸುತ್ತಿದ್ದರೆ, "ಹೊರಗೆ ಹಾಕ್ತೀನಿ ಸಾರ್, ಒಳಗೆ ಹಾಕಿದ್ರೆ ಅಂಚು ಕೈಗೆ ಉಜ್ಜುತ್ತೆ" ಅಂದರು. ಎಡಗೈ ಗ್ಲೌಸಿನ ಹೆಬ್ಬೆರಳಿಗೂ ಅವರೇ ಚರ್ಮದ ಟೋಪಿ ಹೊಲಿದು ಕೊಟ್ಟರು. ಖಾಲಿ ಇದ್ದ ತುದಿಯನ್ನು ಮಡಚಿ, ನನ್ನ ಬೆರಳಿನ ಅಳತೆಗೆ ತಂದು. ಎರಡಕ್ಕೂ ಸೇರಿ ₹60 ಕೇಳಿದರು, ನೂರು ಕೊಟ್ಟೆ. ಈ ಐದು ವಾರದಲ್ಲಿ ದುಡ್ಡಿಗೆ ಸರಿಯಾದ ಕೆಲಸ ಅಂದರೆ ಅದೊಂದೇ.

ನವೆಂಬರ್ 30 ಮತ್ತು ಡಿಸೆಂಬರ್ 7: ಕೊನೆಗೂ ಗಿಡ

ಬಳ್ಳಿಯ ಕೆಲಸ ಎರಡು ಭಾನುವಾರದಲ್ಲಿ ಮುಗಿಯಿತು, ಒಟ್ಟು ಏಳು ಗಂಟೆ. 14 ಅಡಿ ಇದ್ದದ್ದು ಎಂಟಕ್ಕೆ ಬಂತು. ಕ್ರಮ ಹೀಗೆ: ಕವೆಗೋಲಿನಿಂದ ಕೊಂಬೆಯನ್ನು ತಳ್ಳಿ ಹಿಡಿಯುವುದು, ಲಾಪರ್‌ನಿಂದ ಹೊರಗಿನಿಂದಲೇ ಕತ್ತರಿಸುವುದು, ಒಂದೊಂದು ಅಡಿಯ ತುಂಡು. ಉದ್ದ ಕೊಂಬೆಯನ್ನು ಬುಡದಲ್ಲಿ ಕತ್ತರಿಸಿ ಎಳೆದರೆ ಅದು ಬೇರೆಲ್ಲದಕ್ಕೂ ಸಿಕ್ಕಿಕೊಂಡು, ಬಿಡಿಸಿಕೊಂಡು, ಚಾಟಿಯ ಹಾಗೆ ಮುಖಕ್ಕೆ ಬರುತ್ತದೆ. ನನಗೆ ಬಂತು. ಬೈಕಿನ ಹೆಲ್ಮೆಟ್ ಹಾಕಿಕೊಂಡಿದ್ದೆ. ನೋಡಿದವರು ನಗಲಿ ಬಿಡಿ, ಕಣ್ಣಿಗೆ ಗ್ಲೌಸ್ ಇಲ್ಲ.

ಲಾಪರ್‌ಗೆ ಎರಡೂ ಕೈ ಬೇಕು, ಆಗ ಕವೆಗೋಲು ಹಿಡಿಯುವವರು ಯಾರು? ಮಗಳು ಹಿಡಿದಳು. ಅವಳಿಗೆ ನಾಲ್ಕು ಅಡಿ ದೂರ ಇದ್ದದ್ದರಿಂದ ಗ್ಲೌಸೇ ಬೇಕಾಗಲಿಲ್ಲ. ಒಬ್ಬರೇ ಆದರೆ ಸಣ್ಣ ಕೊಂಬೆಗಳಿಗೆ ಎಡಗೈಯಲ್ಲಿ ಕವೆ, ಬಲಗೈಯಲ್ಲಿ ಕತ್ತರಿ.

ಕತ್ತರಿಸಿದ್ದನ್ನು ಗೋಣಿಚೀಲಕ್ಕೆ ತುಂಬಲು ಹೋಗಿ ತೊಡೆಗೆ ಚುಚ್ಚಿಸಿಕೊಂಡೆ. ಮುಳ್ಳು ಗೋಣಿ ದಾಟಿ ಬರುತ್ತದೆ. ಹಳೆ ಟಾರ್ಪಾಲ್ ಹಾಸಿ, ಅದರ ಮೇಲೆ ಬೀಳಿಸಿ, ಮೂಲೆ ಹಿಡಿದು ಎಳೆದುಕೊಂಡು ಹೋಗುವುದೇ ಸರಿ. ಕಸದ ಗಾಡಿಗೆ ಇದನ್ನು ಹಸಿ ಕಸದ ಜೊತೆ ಕೊಡಲೇಬೇಡಿ. ಪೌರಕಾರ್ಮಿಕರು ಬರಿಗೈಯಲ್ಲಿ ಎತ್ತುತ್ತಾರೆ. ನಮ್ಮದು ಅರ್ಧ, ಹಿತ್ತಲಲ್ಲಿ ಪರಂಗಿ ಸಸಿಗಳ ಸುತ್ತ ಬೇಲಿಯಾಯಿತು. ಉಳಿದದ್ದು ಮೂಲೆಯಲ್ಲಿ ಒಣಗುತ್ತಿದೆ.

ಎರಡು ದಿನದ ಕೊನೆಗೆ ಗೀರು ಎಣಿಸಿದೆ. ಅಂಗೈ 0, ಕೈಯ ಹಿಂಭಾಗ 0, ಮುಂಗೈ 2. ಆ ಎರಡೂ ಎಡಗೈಯಲ್ಲಿ, ವೆಲ್ಡಿಂಗ್ ಗ್ಲೌಸ್ ಮುಗಿದು ಮೊಣಕೈ ಶುರುವಾಗುವ ಜಾಗದಲ್ಲಿ. ಅಲ್ಲಿಗೂ ಜೀನ್ಸ್ ಬೇಕಿತ್ತು, ಜೀನ್ಸ್ ಖಾಲಿಯಾಗಿತ್ತು.

ಡಿಸೆಂಬರ್ 8ರಿಂದ 13: ಉಳಿದ ಗಿಡಗಳು

ನಿಂಬೆಗೆ ಇದೇ ಜೋಡಿ ಸಾಕಾಯಿತು. ಒಂದು ಎಚ್ಚರಿಕೆ, ನಿಂಬೆ ಮುಳ್ಳು ಗಟ್ಟಿ ಮತ್ತು ನೇರ. ಅದನ್ನು ಮುಷ್ಟಿಯಲ್ಲಿ ಬಿಗಿ ಹಿಡಿದರೆ ಯಾವ ಚರ್ಮವೂ ಉಳಿಸುವುದಿಲ್ಲ. ಮೊದಲು ಹಿಡಿಯುವ ಜಾಗದ ಮುಳ್ಳುಗಳನ್ನು ಕತ್ತರಿಯಿಂದ ತೆಗೆದು, ಆಮೇಲೆ ಹಿಡಿಯಿರಿ.

ಗುಲಾಬಿಗೆ ವೆಲ್ಡಿಂಗ್ ಗ್ಲೌಸ್ ಅತಿಯಾಯಿತು. ಕೊಂಬೆಯ ಯಾವ ಕಣ್ಣಿನ (ಚಿಗುರೊಡೆಯುವ ಜಾಗದ) ಮೇಲೆ ಕತ್ತರಿಸಬೇಕು ಅಂತ ಬೆರಳಿಗೆ ಗೊತ್ತಾಗಬೇಕಲ್ಲ. ಎರಡೂ ಕೈಗೆ ಆರ್ಗಾನ್ ಹಾಕಿಕೊಂಡೆ. ಗುಲಾಬಿ ಮುಳ್ಳು ತೊಗಟೆಯ ಮೇಲಿನದ್ದು, ಪಕ್ಕಕ್ಕೆ ಒತ್ತಿದರೆ ಕಿತ್ತು ಬರುತ್ತದೆ. ಹಾಗೆ ಕಿತ್ತು ಬಂದದ್ದು ಗ್ಲೌಸಿಗೇ ಅಂಟಿಕೊಂಡಿರುತ್ತದೆ, ಅದೇ ಕೈಯಲ್ಲಿ ಹಣೆ ಒರೆಸಿಕೊಳ್ಳಬೇಡಿ. ಮಣ್ಣಿನಲ್ಲಿ, ಒಣಗಿದ ಗಿಡದ ಮೇಲೆ ಇರುವ ಸ್ಪೊರೋಥ್ರಿಕ್ಸ್ ಎನ್ನುವ ಶಿಲೀಂಧ್ರ ಇಂಥ ಗಾಯದಿಂದ ಒಳಗೆ ಹೋಗುತ್ತದೆ. ಗುಲಾಬಿ ಬೆಳೆಸುವವರ ರೋಗ ಅಂತಲೇ ಅದಕ್ಕೆ ಹೆಸರಿದೆ. ಚುಚ್ಚಿದ ಜಾಗದಲ್ಲಿ ವಾರಗಳ ನಂತರ ಗಂಟು ಎದ್ದರೆ, ಗುಲಾಬಿ ಕೆಲಸ ಮಾಡಿದ್ದೆ ಅಂತ ಡಾಕ್ಟರಿಗೆ ಮರೆಯದೆ ಹೇಳಿ.

ಯೂಫೋರ್ಬಿಯಾದಲ್ಲಿ ಚರ್ಮದ ಗ್ಲೌಸ್ ತಪ್ಪು ಆಯ್ಕೆ. ಕತ್ತರಿಸಿದರೆ ಹಾಲು ಸುರಿಯುತ್ತದೆ. ಅದು ಕಣ್ಣಿಗೆ, ಮೈಗೆ ಉರಿ. ಚರ್ಮ ಆ ಹಾಲನ್ನು ಹೀರಿಕೊಂಡು, ಮುಂದಿನ ಸಲ ಬೆವರಿದಾಗ ವಾಪಸ್ ಕೊಡುತ್ತದೆ. ಇಲ್ಲಿ ನೂರಹತ್ತು ರೂಪಾಯಿಯ ನೈಟ್ರೈಲ್ ಕೆಲಸಕ್ಕೆ ಬಂತು. ಮುಳ್ಳಿಗೆ ಅಡುಗೆ ಮನೆಯ ಹಳೆ ಇಕ್ಕಳ, ಹಾಲಿಗೆ ನೈಟ್ರೈಲ್. ಮುಗಿದ ಮೇಲೆ ಗ್ಲೌಸ್ ಕೈಯಲ್ಲಿರುವಾಗಲೇ ಸೋಪು ಹಾಕಿ ತೊಳೆದು, ಆಮೇಲೆ ಬಿಚ್ಚಿದೆ.

ಪಾಪಾಸುಕಳ್ಳಿಗೆ ಯಾವ ಗ್ಲೌಸೂ ಬೇಡ. ದೊಡ್ಡ ಮುಳ್ಳಲ್ಲ, ಬುಡದಲ್ಲಿರುವ ಕೂದಲಿನಂಥ ಸಣ್ಣ ಮುಳ್ಳುಗಳು ಚರ್ಮಕ್ಕೆ ಹೊಕ್ಕರೆ ಆ ಗ್ಲೌಸ್ ಮುಗಿಯಿತು. ಪೇಪರನ್ನು ನಾಲ್ಕು ಮಡಿಕೆ ಪಟ್ಟಿ ಮಾಡಿ ಸುತ್ತಿ ಹಿಡಿದೆ, ಪೇಪರ್ ಎಸೆದೆ. ಕೈಗೆ ತಾಗಿದ ನಾಲ್ಕೈದು ಕೂದಲನ್ನು ಅಂಟು ಟೇಪ್ ಒತ್ತಿ ಎಳೆದು ತೆಗೆದೆ.

ಗ್ಲೌಸ್ ಹಾಳುಮಾಡಿದ ಮೂರು ಬಗೆ

ಬಳ್ಳಿಯ ಕೆಲಸದ ಮೊದಲ ದಿನ ಆರ್ಗಾನ್ ಗ್ಲೌಸ್ ಬೆವರಿನಲ್ಲಿ ಒದ್ದೆಯಾಗಿತ್ತು. ತಾರಸಿಯ ಬಿಸಿಲಿಗೆ ಹಾಕಿದೆ. ಸಂಜೆಗೆ ಹಪ್ಪಳ. ಬೆರಳು ಮಡಚಿದರೆ ಸದ್ದು ಬರುತ್ತಿತ್ತು. ಅದನ್ನು ಮೆತ್ತಗೆ ಮಾಡಲು ಕೊಬ್ಬರಿ ಎಣ್ಣೆ ಹಚ್ಚಿದೆ. ಮೆತ್ತಗೇನೋ ಆಯಿತು, ಕತ್ತರಿಯ ಹಿಡಿ ಜಾರತೊಡಗಿತು. ಎರಡು ದಿನ ಕಡಲೆಹಿಟ್ಟು ಉಜ್ಜಿ ಎಣ್ಣೆ ತೆಗೆಯಬೇಕಾಯಿತು. ಈಗ ನೆರಳಲ್ಲಿ, ಒಳಗೆ ಪೇಪರ್ ತುರುಕಿ ಒಣಗಿಸುತ್ತೇನೆ. ಎಣ್ಣೆ ಹಿಂಭಾಗಕ್ಕೆ ಮಾತ್ರ, ಬೆರಳ ತುದಿಯಷ್ಟು.

ಮೂರನೆಯದು ಗ್ಲೌಸಿಗಿಂತ ಕೈಗೆ ಅಪಾಯ. ಮುರಿದ ಮುಳ್ಳಿನ ತುದಿ ಗ್ಲೌಸಿನ ಚರ್ಮದೊಳಗೆ ಉಳಿದಿರುತ್ತದೆ. ಹೊರಗೆ ಕಾಣುವುದಿಲ್ಲ. ಮುಂದಿನ ವಾರ ಕೈ ಹಾಕಿದಾಗ ಒಳಗಿನಿಂದ ಚುಚ್ಚುತ್ತದೆ. ಡಿಸೆಂಬರ್ 7ರ ಬೆಳಿಗ್ಗೆ ನನಗೆ ಆದದ್ದು ಅದೇ. ಈಗ ಪ್ರತಿ ಸಲ ತೊಡುವ ಮೊದಲು ಹೊರಗಿನಿಂದ ಒಂದೊಂದು ಬೆರಳನ್ನೂ ಹಿಸುಕಿ ನೋಡುತ್ತೇನೆ, ಒಳಗೆ ಟಾರ್ಚ್ ಬಿಡುತ್ತೇನೆ. ಮರಿ ಜಿರಳೆಯೂ ಒಮ್ಮೆ ಸಿಕ್ಕಿತು.

ಲೆಕ್ಕ

ಚುಕ್ಕೆ ಹತ್ತಿ ₹40, ನೈಟ್ರೈಲ್ ₹110, ಬೂದು ಗ್ಲೌಸ್ ₹380, ವೆಲ್ಡಿಂಗ್ ₹220, ಆರ್ಗಾನ್ ₹260, ಎಲಾಸ್ಟಿಕ್ ₹20, ಹೊಲಿಗೆ ₹100. ಒಟ್ಟು ₹1,130. ಮೊದಲೇ ಗೊತ್ತಿದ್ದರೆ ಚುಕ್ಕೆಯದ್ದೂ ಬೂದು ಗ್ಲೌಸೂ ಬಿಟ್ಟು ₹710ರಲ್ಲಿ ಮುಗಿಯುತ್ತಿತ್ತು. ಡಾಕ್ಟರ್ ₹850 ಬೇರೆ. ಆಂಟಿಗೆ ಸೀಟ್ ಕವರಿನ ಆರುನೂರು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಒಂದು ಚೀಲ ನಿಂಬೆಹಣ್ಣು ತೆಗೆದುಕೊಂಡರು.

ಬೂದು ಗ್ಲೌಸ್ ಅಡುಗೆ ಮನೆ ಸೇರಿದೆ. ತುರಿಯುವ ಮಣೆಯಲ್ಲಿ ಕ್ಯಾರೆಟ್ ತುರಿಯುವಾಗ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಒಂಟಿಯಾಗಿ ಉಳಿದ ಬಲಗೈ ವೆಲ್ಡಿಂಗ್ ಗ್ಲೌಸನ್ನು ಅಮ್ಮ ಬಚ್ಚಲ ಒಲೆಗೆ ಸೌದೆ ನೂಕಲು ಇಟ್ಟುಕೊಂಡಿದ್ದಾರೆ. ತುಂಬಾ ಚೆನ್ನಾಗಿದೆ, ಎಡಗೈದೂ ಕೊಡೋ ಅಂತ ಮೂರು ಸಲ ಕೇಳಿದ್ದಾರೆ. ಕೊಟ್ಟಿಲ್ಲ.